ಮೂರೆಲೆ ಗೊತ್ತು, ಥ್ರೀ ಕಾರ್ಡ್ ಪೋಕರ್ ಹೊಸದು: ದೀಪಾವಳಿ ಮೇಜಿಗೆ ಡೀಲರ್ ಆಗೋದು ಹೇಗೆ?

ಬಿ_ಬ್ಲಾಕ್_ಕಮಿಟಿ

ಎಲ್ಲರಿಗೂ ನಮಸ್ಕಾರ. ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದೀಪಾವಳಿ ಸಂಜೆ ಇಸ್ಪೀಟಿನ ಒಂದು ಮೇಜು ಹಾಕೋದು ಅಂತ ತೀರ್ಮಾನ ಆಗಿದೆ. ದುಡ್ಡಿನ ಮಾತೇ ಇಲ್ಲ, ಹುಣಸೆ ಬೀಜ ಮತ್ತು ಕವಡೆಯಲ್ಲಿ ಆಟ. ಅಂದರ್-ಬಾಹರ್ ಬೇಡ ಅಂತ ಎಲ್ಲರದೂ ಒಂದೇ ಮಾತು, ಎಲೆ ಬೀಳೋದನ್ನ ನೋಡ್ತಾ ಕೂರೋದು ಬಿಟ್ಟರೆ ಅದರಲ್ಲಿ ಕೆಲಸ ಇಲ್ಲ. ಮೂರೆಲೆ (ತೀನ್ ಪತ್ತಿ) ಇಟ್ಟರೆ ಎಲೆ ನೋಡದೇ ಬ್ಲೈಂಡ್ ಮೇಲೆ ಬ್ಲೈಂಡ್ ಏರಿಸಿ ಅಕ್ಕಪಕ್ಕದ ಮನೆಯವರು ಮುಖ ಊದಿಸಿಕೊಳ್ತಾರೆ. ಹಾಗಾಗಿ ಎಲ್ಲರೂ ಡೀಲರ್ ವಿರುದ್ಧ ಆಡುವ ಥ್ರೀ ಕಾರ್ಡ್ ಪೋಕರ್ ಆಗಬಹುದು ಅನ್ನಿಸ್ತು.

ಆರು ಜನ ಆಡೋರು, ಒಬ್ಬರು ಡೀಲರ್. ಎಲ್ಲರಿಗೂ ಮೂರೆಲೆ ಗೊತ್ತು, ಪೋಕರ್ ಯಾರಿಗೂ ಗೊತ್ತಿಲ್ಲ. ಆಟದ ಕ್ರಮ ಏನು, ಯಾವ ಕೈ ಆಡಬೇಕು ಯಾವುದನ್ನ ಬಿಡಬೇಕು, ಬೀಜ ಎಷ್ಟು ಬೇಕು, ಡೀಲರ್ ಎಲ್ಲಿ ಎಡವುತ್ತಾನೆ ಅನ್ನೋದನ್ನ ಗೊತ್ತಿರೋರು ಬಿಡಿಸಿ ಹೇಳಿ. ಇಲ್ಲಿ ಒಂದಿಬ್ಬರು ಮುಂದೆ ಗೋವಾಕ್ಕೆ ಹೋಗೋರೂ ಇದ್ದಾರೆ, ಅವರಿಗೂ ಉಪಯೋಗ ಆಗಲಿ.

ಕಳಾವರ್_ಗುಲಾಮ

ಮೂರೆಲೆ ಗೊತ್ತಿದ್ದರೆ ಅರ್ಧ ದಾರಿ ಬಂದಿದ್ದೀರಿ. ಆದರೆ ಆ ಅರ್ಧವೇ ಕೆಲವು ಕಡೆ ಕಾಲೆಳೆಯುತ್ತೆ, ಅದನ್ನ ಕೊನೆಗೆ ಹೇಳ್ತೀನಿ.

ಜೋಕರ್ ತೆಗೆದ 52 ಎಲೆಯ ಒಂದೇ ಕಟ್ಟು. ಪ್ರತಿಯೊಬ್ಬರ ಮುಂದೆ ಮೂರು ವೃತ್ತ: ಡೀಲರ್ ಕಡೆಗೆ ಪೇರ್ ಪ್ಲಸ್ (ನಿಮಗೆ ಜೋಡಿ ಅಥವಾ ಮೇಲಿನ ಕೈ ಬರುತ್ತೆ ಅನ್ನೋ ಬೇರೆ ಬಾಜಿ), ನಡುವೆ ಆ್ಯಂಟೆ, ಆಡುವವರ ಹತ್ತಿರ ಪ್ಲೇ. ಚಾರ್ಟ್ ಪೇಪರ್ ಮೇಲೆ ಮಾರ್ಕರ್‌ನಲ್ಲಿ ಬರೆದರೆ ಸಾಕು. ಈ ವೃತ್ತಗಳಿಲ್ಲದೆ ಮಾತ್ರ ಶುರು ಮಾಡಬೇಡಿ, ಯಾವ ಬೀಜ ಯಾವ ಲೆಕ್ಕದ್ದು ಅಂತ ಎರಡನೇ ಕೈಗೇ ಗೊತ್ತಾಗಲ್ಲ.

ಮೊದಲು ಆ್ಯಂಟೆ ಇಡಬೇಕು. ಮೂರೆಲೆಯಲ್ಲಿ ಶುರುವಿಗೇ ಇಡೋ ಬೂಟ್ ಥರ ಅಂದುಕೊಳ್ಳಿ, ಆದರೆ ಇಲ್ಲಿ ನಡುವೆ ಪಾಟ್ ಅನ್ನೋದೇ ಇಲ್ಲ, ನಿಮ್ಮ ಬೀಜ ನಿಮ್ಮ ವೃತ್ತದಲ್ಲೇ ಇರುತ್ತೆ. ಮನಸ್ಸಿದ್ದರೆ ಪೇರ್ ಪ್ಲಸ್ ಕೂಡ ಆಗಲೇ ಇಡಬೇಕು, ಎಲೆ ನೋಡಿದ ಮೇಲೆ ಇಲ್ಲ. ಡೀಲರ್ ತನ್ನ ಎಡಗಡೆಯಿಂದ ಶುರು ಮಾಡಿ ಎಲ್ಲರಿಗೂ ಮೂರು, ತನಗೆ ಮೂರು ಎಲೆ ಕವುಚಿ ಹಾಕ್ತಾನೆ. ಆರು ಜನ ಇದ್ದರೆ 21 ಎಲೆ ಹೋಗುತ್ತೆ.

ಎಲೆ ನೋಡಿದ ಮೇಲೆ ನಿಮಗಿರೋದು ಒಂದೇ ತೀರ್ಮಾನ. ಆಡೋದಾದರೆ ಆ್ಯಂಟೆ ಎಷ್ಟಿದೆಯೋ ಸರಿಯಾಗಿ ಅಷ್ಟನ್ನೇ ಪ್ಲೇ ವೃತ್ತದಲ್ಲಿ ಇಡಬೇಕು, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಬೇಡ ಅಂದರೆ ಪ್ಯಾಕ್, ಆ್ಯಂಟೆ ಹೋಯ್ತು. ಚಾಲ್ (ಬಾಜಿ) ಏರಿಸೋದು, ಪಕ್ಕದವರ ಕೈ ಜೊತೆ ಹೋಲಿಸೋ ಸೈಡ್ ಶೋ, ಬ್ಲಫ್ ಯಾವುದೂ ಇಲ್ಲ. ಪಕ್ಕದವರ ಕೈಗೂ ನಿಮಗೂ ಸಂಬಂಧವಿಲ್ಲ. ಮೇಜಿನಲ್ಲಿ ಎಲ್ಲರೂ ಗೆಲ್ಲಬಹುದು, ಎಲ್ಲರೂ ಸೋಲಬಹುದು.

ಆಮೇಲೆ ಡೀಲರ್ ತನ್ನ ಎಲೆ ತೆರೀತಾನೆ. ಅವನಿಗೆ ಕನಿಷ್ಠ ರಾಣಿ ಇರಬೇಕು, ಇಲ್ಲವೇ ಜೋಡಿ ಅಥವಾ ಅದಕ್ಕಿಂತ ಮೇಲಿನ ಕೈ ಇರಬೇಕು. ಅಷ್ಟಿದ್ದರೆ ಅವನು ಕ್ವಾಲಿಫೈ ಆದ ಹಾಗೆ.

ಕ್ವಾಲಿಫೈ ಆಗಲಿಲ್ಲವೋ, ಪ್ಯಾಕ್ ಮಾಡದ ಎಲ್ಲರಿಗೂ ಆ್ಯಂಟೆಗೆ ಒಂದಕ್ಕೊಂದು ಸಿಗುತ್ತೆ, ಪ್ಲೇ ಬೀಜ ಸುಮ್ಮನೆ ವಾಪಸ್. ಇಲ್ಲಿ ಕೈ ಹೋಲಿಸೋದೇ ಇಲ್ಲ, ನಿಮ್ಮದು ಅವನದಕ್ಕಿಂತ ಚಿಕ್ಕದಿದ್ದರೂ ಸರಿ. ಕ್ವಾಲಿಫೈ ಆದರೆ ಹೋಲಿಕೆ: ನಿಮ್ಮದು ದೊಡ್ಡದಾದರೆ ಆ್ಯಂಟೆ, ಪ್ಲೇ ಎರಡಕ್ಕೂ ಒಂದಕ್ಕೊಂದು, ಚಿಕ್ಕದಾದರೆ ಎರಡೂ ಹೋಯ್ತು, ಸಮ ಆದರೆ ಎರಡೂ ವಾಪಸ್.

ಇದರ ಮೇಲೆ ಆ್ಯಂಟೆ ಬೋನಸ್ ಅಂತ ಒಂದಿದೆ. ಸ್ಟ್ರೇಟ್ ಫ್ಲಷ್‌ಗೆ (ಒಂದೇ ಬಣ್ಣದ ಸಾಲು ಎಲೆ) ಆ್ಯಂಟೆಯ 5 ಪಟ್ಟು, ಟ್ರಯೊಗೆ (ಒಂದೇ ಥರದ ಮೂರು ಎಲೆ) 4 ಪಟ್ಟು, ಸೀಕ್ವೆನ್ಸ್‌ಗೆ (ಬೇರೆ ಬಣ್ಣದ ಸಾಲು ಎಲೆ) 1 ಪಟ್ಟು. ಡೀಲರ್ ಗೆದ್ದರೂ ಸೋತರೂ ಕ್ವಾಲಿಫೈ ಆಗದಿದ್ದರೂ ಇದು ಕೊಡಲೇಬೇಕು.

ಈಗ ಮೂರೆಲೆಯವರು ಎಡವೋ ಜಾಗ. ನಮ್ಮಲ್ಲಿ ಟ್ರಯೊ ಎಲ್ಲಕ್ಕಿಂತ ಮೇಲೆ. ಇಲ್ಲಿ ಸ್ಟ್ರೇಟ್ ಫ್ಲಷ್, ಅಂದರೆ ಪ್ಯೂರ್ ಸೀಕ್ವೆನ್ಸ್ ಮೇಲೆ, ಟ್ರಯೊ ಅದರ ಕೆಳಗೆ. ಮಿಕ್ಕಿದ್ದು ಹಾಗೇ: ಸೀಕ್ವೆನ್ಸ್, ಕಲರ್ (ಸಾಲಿಲ್ಲದ ಒಂದೇ ಬಣ್ಣದ ಮೂರು ಎಲೆ), ಜೋಡಿ, ಬಿಡಿ ಎಲೆ. ಇನ್ನೊಂದು, ಬಹಳ ಮನೆಗಳಲ್ಲಿ ಎಕ್ಕ-2-3 ಅನ್ನೋದು ಎಕ್ಕ-ರಾಜ-ರಾಣಿಯ ನಂತರದ ದೊಡ್ಡ ಸೀಕ್ವೆನ್ಸ್. ಇಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು. ಆಟೀನು ದೊಡ್ಡದೋ ಇಸ್ಪೀಟು ದೊಡ್ಡದೋ ಅನ್ನೋ ಪ್ರಶ್ನೆಯೂ ಇಲ್ಲ, ಬಣ್ಣಕ್ಕೆ ಬೆಲೆ ಇಲ್ಲ.

ಲೆಕ್ಕದ_ಮೇಷ್ಟ್ರು

ಮೇಲಿನವರು ಕ್ರಮ ಸರಿಯಾಗಿ ಹೇಳಿದ್ದಾರೆ. ಟ್ರಯೊ ಏಕೆ ಕೆಳಗಿಳಿಯಿತು ಎಂದು ನಿಮ್ಮ ಮೇಜಿನಲ್ಲಿ ಯಾರಾದರೂ ತಗಾದೆ ತೆಗೆದೇ ತೆಗೆಯುತ್ತಾರೆ, ಅವರಿಗೆ ಈ ಲೆಕ್ಕ ತೋರಿಸಿ. 52 ಎಲೆಯಿಂದ ಮೂರನ್ನು ಆರಿಸಲು 22,100 ದಾರಿ. ಒಂದು ಬಣ್ಣದಲ್ಲಿ ಎಕ್ಕ-2-3ರಿಂದ ರಾಣಿ-ರಾಜ-ಎಕ್ಕದವರೆಗೆ 12 ಸೀಕ್ವೆನ್ಸ್, ನಾಲ್ಕು ಬಣ್ಣಕ್ಕೆ 48. ಟ್ರಯೊ 13 ಎಲೆಗೆ ನಾಲ್ಕು ನಾಲ್ಕರಂತೆ 52. ಅಪರೂಪದ್ದು ಮೇಲೆ, ಅಷ್ಟೆ. ಉಳಿದವು: ಸೀಕ್ವೆನ್ಸ್ 720, ಕಲರ್ 1,096, ಜೋಡಿ 3,744, ಏನೂ ಇಲ್ಲದ ಬಿಡಿ ಎಲೆ 16,440. ನಾಲ್ಕು ಕೈಯಲ್ಲಿ ಸುಮಾರು ಮೂರು ಸಲ ಬಿಡಿ ಎಲೆಯೇ ಬರುತ್ತದೆ. ಆದ್ದರಿಂದ ಬಿಡಿ ಎಲೆಯಲ್ಲಿ ಯಾವುದನ್ನು ಆಡಬೇಕು ಎಂಬುದೊಂದೇ ಈ ಆಟದಲ್ಲಿ ಕಲಿಯಬೇಕಾದ ವಿಷಯ.

ಉತ್ತರ: ರಾಣಿ-6-4 ಅಥವಾ ಅದಕ್ಕಿಂತ ದೊಡ್ಡದಾದರೆ ಆಡಿ, ಚಿಕ್ಕದಾದರೆ ಪ್ಯಾಕ್.

ಇದನ್ನು ಓದುವ ಕ್ರಮದಲ್ಲಿ ಹೊಸಬರು ತಪ್ಪುತ್ತಾರೆ. ಮೂರೂ ಎಲೆ ಆ ಮಟ್ಟ ದಾಟಬೇಕು ಎಂದಲ್ಲ. ದೊಡ್ಡ ಎಲೆಯಿಂದ ಶುರು ಮಾಡಿ, ತೀರ್ಮಾನ ಸಿಕ್ಕ ಕಡೆ ನಿಲ್ಲಿಸಿ. ಎಕ್ಕ ಅಥವಾ ರಾಜ ಇದೆಯೇ? ಮಿಕ್ಕಿದ್ದನ್ನು ನೋಡುವ ಅಗತ್ಯವಿಲ್ಲ, ರಾಜ-3-2 ಕೂಡ ಆಡುವ ಕೈ. ದೊಡ್ಡದು ರಾಣಿಯೇ? ಎರಡನೆಯದನ್ನು ನೋಡಿ. ಅದು 7 ಅಥವಾ ಮೇಲಿದ್ದರೆ ಆಡಿ, ರಾಣಿ-9-2 ಆಡುವ ಕೈ. ಎರಡನೆಯದು 6 ಆದರೆ ಮಾತ್ರ ಮೂರನೆಯದರ ವಿಚಾರ: 5 ಅಥವಾ 4 ಇದ್ದರೆ ಆಡಿ, 3 ಅಥವಾ 2 ಇದ್ದರೆ ಬಿಡಿ. ಎರಡನೆಯದು 5 ಅಥವಾ ಕೆಳಗಿದ್ದರೆ ಬಿಡಿ. ದೊಡ್ಡ ಎಲೆ ಗುಲಾಮ ಅಥವಾ ಕೆಳಗಿನದಾದರೆ ಯೋಚನೆ ಬೇಡ, ಪ್ಯಾಕ್. ಜೋಡಿ, ಕಲರ್, ಸೀಕ್ವೆನ್ಸ್ ಇದ್ದರೆ ಈ ನಿಯಮದ ಗೊಡವೆಯೇ ಇಲ್ಲ, ಎರಡರ ಜೋಡಿಯಾದರೂ ಆಡಬೇಕು.

ಏಕೆ ಇಲ್ಲೇ ಗೆರೆ? ಪ್ಯಾಕ್ ಮಾಡಿದರೆ ನಷ್ಟ ಖಚಿತವಾಗಿ 1. ಗುಲಾಮ ಮತ್ತು ಕೆಳಗಿನ ಬಿಡಿ ಎಲೆಯ ಕೈಗಳು 6,720, ಅಂದರೆ ಡೀಲರ್ ಸುಮಾರು ಶೇ. 30.4ರಷ್ಟು ಸಲ ಕ್ವಾಲಿಫೈ ಆಗುವುದಿಲ್ಲ. ನಿಮ್ಮ ಕೈಯಲ್ಲಿ ಗುಲಾಮ-9-5 ಇದೆ ಎನ್ನಿ. ಕ್ವಾಲಿಫೈ ಆದ ಡೀಲರನ್ನು ಅದು ಎಂದೂ ಸೋಲಿಸದು. ಹಾಗಾಗಿ 100 ಸಲ ಆಡಿದರೆ 30 ಸಲ ಒಂದೊಂದು ಬರುತ್ತದೆ, 70 ಸಲ ಎರಡೆರಡು ಹೋಗುತ್ತದೆ. ಒಟ್ಟು 110 ನಷ್ಟ. ಸುಮ್ಮನೆ ಪ್ಯಾಕ್ ಮಾಡಿದ್ದರೆ 100. ಕೈಯಲ್ಲಿ ರಾಣಿ ಇದ್ದಾಗ ಎರಡು ಸಹಾಯ ಸಿಗುತ್ತದೆ: ಡೀಲರ್‌ಗೆ ರಾಣಿ ಸಿಗುವ ಸಾಧ್ಯತೆ ಸ್ವಲ್ಪ ತಗ್ಗುತ್ತದೆ, ಜೊತೆಗೆ ಅವನ ಕೆಲವು ರಾಣಿ ಕೈಗಳನ್ನು ನೀವು ಹೊಡೆಯಬಹುದು. ಆ ಸಹಾಯ ನಷ್ಟವನ್ನು 1ರ ಕೆಳಗೆ ತರುವುದು ರಾಣಿ-6-4ಕ್ಕೆ ಬಂದಾಗ.

ಈ ನಿಯಮ ಪಾಲಿಸಿದರೆ ಮೂರರಲ್ಲಿ ಒಂದು ಕೈಯನ್ನು ಬಿಡುತ್ತೀರಿ, ನಿಖರವಾಗಿ 22,100ರಲ್ಲಿ 7,200. ಮೇಲೆ ಹೇಳಿದ 5-4-1 ಬೋನಸ್ ಇದ್ದರೆ ಡೀಲರ್ ಕಡೆಯ ಲಾಭ ಆ್ಯಂಟೆಯ ಶೇ. 3.37.

ಗಟ್ಟಿಗ_ಗಿರಿನಗರ

ಗುರೂ, ಇಷ್ಟೆಲ್ಲಾ ಲೆಕ್ಕ ಹಾಕ್ಕೊಂಡು ಹಬ್ಬದ ದಿನ ಇಸ್ಪೀಟ್ ಆಡ್ತಾರಾ? ಪ್ಯಾಕ್ ಮಾಡಿದ್ರೆ ಗೆಲ್ಲೋ ಚಾನ್ಸೇ ಇಲ್ಲ, ಆಡಿದ್ರೆ ಏನೋ ಒಂದು ಚಾನ್ಸ್. ಎಲ್ಲಾ ಕೈ ಆಡಿ, ಮಜಾ ಬರುತ್ತೆ. ಇಲ್ಲಾಂದ್ರೆ ಡೀಲರ್ ಹೆಂಗೆ ಆಡ್ತಾನೋ ಹಂಗೇ ಆಡಿ, ರಾಣಿ ಇದ್ರೆ ಇಡಿ, ಇಲ್ದಿದ್ರೆ ಬಿಡಿ. ನೆನಪಿಟ್ಕೊಳ್ಳೋದೂ ಸುಲಭ.

ಲೆಕ್ಕದ_ಮೇಷ್ಟ್ರು

ಎರಡು ಸಲಹೆಗಳೂ ಒಂದೇ ಮಟ್ಟದವಲ್ಲ. ರಾಣಿ ಇದ್ದರೆ ಆಡು ಎಂಬುದು ತೀರಾ ಕೆಟ್ಟದ್ದೇನಲ್ಲ, ಶೇ. 3.37 ಇದ್ದದ್ದು 3.45 ಆಗುತ್ತದೆ. ಮಕ್ಕಳಿಗೂ ವಯಸ್ಸಾದವರಿಗೂ ಅದನ್ನೇ ಹೇಳಿಕೊಡಿ, ಏನೂ ಮುಳುಗುವುದಿಲ್ಲ. ಎಲ್ಲ ಕೈಯನ್ನೂ ಆಡಿದರೆ ಶೇ. 7.65ಕ್ಕೆ ಏರುತ್ತದೆ, ಎರಡರಷ್ಟಕ್ಕಿಂತ ಹೆಚ್ಚು.

ಇದಕ್ಕೆ ಪೂರ್ತಿ ವಿರುದ್ಧದ ತಪ್ಪು ಮೂರೆಲೆಯಲ್ಲಿ ಪಳಗಿದವರದು. ಅಲ್ಲಿ ಆರು ಜನರನ್ನು ಎದುರಿಸಬೇಕಾದ್ದರಿಂದ ಬರೀ ರಾಜ ಹಿಡಿದು ಯಾರೂ ಚಾಲ್ ಹಾಕುವುದಿಲ್ಲ. ಅದೇ ಅಭ್ಯಾಸದಲ್ಲಿ ಇಲ್ಲಿಯೂ ರಾಜ-8-3 ಬಂದರೆ ಪ್ಯಾಕ್ ಎನ್ನುತ್ತಾರೆ. ಇಲ್ಲಿ ಎದುರಾಳಿ ಒಬ್ಬನೇ, ಅವನೂ ಹತ್ತರಲ್ಲಿ ಮೂರು ಸಲ ಕ್ವಾಲಿಫೈ ಆಗದವನು. ರಾಜ ಬಿಟ್ಟವರಿಗೆ ಆಗುವ ನಷ್ಟ ಗುಲಾಮ ಆಡಿದವರಿಗಿಂತ ಕಡಿಮೆಯೇನಲ್ಲ.

ಮೇಜು_ಮಂಜಣ್ಣ

ಡೀಲರ್ ಕೆಲಸದ ಬಗ್ಗೆ ಯಾರೂ ಬರೆದಿಲ್ಲ, ಮೇಜು ಕೆಡೋದು ಅಲ್ಲೇ.

ಎರಡು ಕಟ್ಟು ಇಟ್ಟುಕೊಳ್ಳಿ, ಹಿಂಬದಿಯ ಬಣ್ಣ ಬೇರೆ ಬೇರೆ ಇರಲಿ. ಒಂದರಲ್ಲಿ ಆಟ ನಡೀತಿರುವಾಗ ಇನ್ನೊಂದನ್ನ ಪಕ್ಕದವರು ಕಲಸ್ತಾ ಇರಲಿ. ಎರಡು ಭಾಗ ಮಾಡಿ ಹೆಬ್ಬೆರಳಲ್ಲಿ ಬಿಡೋ ರಿಫಲ್ ಬಂದರೆ ಏಳು ಸಲ. ಅದು ಬಾರದಿದ್ದರೆ ಮೇಜಿನ ಮೇಲೆ ಕವುಚಿ ಹರಡಿ ಎರಡೂ ಅಂಗೈಯಲ್ಲಿ ಒಂದು ನಿಮಿಷ ಚೆನ್ನಾಗಿ ಕಲಸಿ. ಕೈಯಲ್ಲಿ ಹಿಡಿದು ಗೊಂಚಲು ಗೊಂಚಲಾಗಿ ಎತ್ತಿ ಹಾಕೋದು ಸಾಲದು, ಹಿಂದಿನ ಕೈಯ ಜೋಡಿಗಳು ಅಂಟಿಕೊಂಡೇ ಬರುತ್ತವೆ. ಹಬ್ಬದ ದಿನ ಅಂದಮೇಲೆ ಚಕ್ಕುಲಿ ತಿಂದ ಕೈ ಇದ್ದೇ ಇರುತ್ತೆ. ರಟ್ಟಿನ ಎಲೆಗೆ ಒಂದು ಎಣ್ಣೆ ಬೆರಳಚ್ಚು ಬಿದ್ದರೆ ಆ ಎಲೆ ಸಂಜೆಯಿಡೀ ಗುರುತು ಸಿಗುತ್ತೆ. ಪ್ಲಾಸ್ಟಿಕ್ ಎಲೆ ತಗೊಳ್ಳಿ, ಒರೆಸಬಹುದು.

ಹಂಚುವಾಗ ಕಟ್ಟನ್ನ ಮೇಜಿಗೆ ತಗ್ಗಿಸಿ ಹಿಡೀರಿ. ಎತ್ತಿ ಬೀಸಿ ಹಾಕಿದರೆ ಎದುರಿಗೆ ಕೂತವರಿಗೆ ಡೀಲರ್‌ನ ಎಲೆ ಮಿಂಚುತ್ತೆ. ಇದು ಸಣ್ಣ ವಿಷಯ ಅಲ್ಲ. ಡೀಲರ್‌ನ ಒಂದೇ ಎಲೆ ಪ್ರತಿ ಸಲ ಕಂಡರೂ ಸಾಕು, ಅದನ್ನ ಸರಿಯಾಗಿ ಬಳಸಿಕೊಳ್ಳೋನ ಕಡೆಗೆ ಆಟ ಸುಮಾರು ಶೇ. 3.5ರಷ್ಟು ವಾಲುತ್ತೆ.

ತೀರ್ಮಾನ ಕೇಳೋದು ಡೀಲರ್‌ನ ಎಡದಿಂದ ಬಲಕ್ಕೆ. ಪ್ಯಾಕ್ ಅಂದವರ ಆ್ಯಂಟೆ, ಪೇರ್ ಪ್ಲಸ್, ಎಲೆ ಮೂರನ್ನೂ ಆಗಲೇ ತೆಗೀರಿ, ಎಲೆ ಮೂರೇ ಇದೆಯಾ ಅಂತ ಎಣಿಸಿ. ಆಡುವವರು ತಮ್ಮ ಎಲೆಯನ್ನ ಪ್ಲೇ ವೃತ್ತದ ಪಕ್ಕ ಕವುಚಿಟ್ಟು ಕೈ ತೆಗೆದುಬಿಡಬೇಕು. ಎಲ್ಲರದೂ ಮುಗಿಯೋವರೆಗೆ ಡೀಲರ್ ತನ್ನ ಎಲೆ ಮುಟ್ಟಬಾರದು.

ಲೆಕ್ಕ ತೀರಿಸೋದು ಉಲ್ಟಾ, ಬಲದಿಂದ ಎಡಕ್ಕೆ, ಒಬ್ಬೊಬ್ಬರದೇ. ಮೊದಲು ತನ್ನ ಮೂರು ಎಲೆಯನ್ನ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, 'ರಾಜ-10-4, ಕ್ವಾಲಿಫೈ' ಅಂತ ಗಟ್ಟಿಯಾಗಿ ಹೇಳಬೇಕು. ಗಟ್ಟಿಯಾಗಿ ಹೇಳಿದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತೆ. ಆಮೇಲೆ ಬಲತುದಿಯವರ ಎಲೆ ತೆರೆದು ಆ್ಯಂಟೆ, ಪ್ಲೇ, ಬೋನಸ್, ಪೇರ್ ಪ್ಲಸ್ ನಾಲ್ಕನ್ನೂ ತೀರಿಸಿ, ಎಲ್ಲ ಮುಗಿದ ಮೇಲೆ ಮಾತ್ರ ಎಲೆ ಎತ್ತಿ, ಮುಂದಿನವರು.

ಹೊಸ ಡೀಲರ್ ಮಾಡೋ ತಪ್ಪುಗಳು ಇಷ್ಟೇ: ತಾನು ಕ್ವಾಲಿಫೈ ಆಗದಿದ್ದಾಗ ಪ್ಲೇಗೂ ಕೊಟ್ಟುಬಿಡೋದು, ಇದು ಎಲ್ಲಕ್ಕಿಂತ ಹೆಚ್ಚು. ತಾನು ಗೆದ್ದ ಖುಷಿಯಲ್ಲಿ ಸೋತವರ ಎಲೆಯನ್ನ ಒಟ್ಟಿಗೆ ಬಾಚಿಕೊಳ್ಳೋದು, ಆಗ ಯಾರಿಗೆ ಪೇರ್ ಪ್ಲಸ್ ಬರಬೇಕಿತ್ತು ಅನ್ನೋದು ಹೋಯ್ತು. ಸೀಕ್ವೆನ್ಸ್ ಸೋತಾಗ ಆ್ಯಂಟೆ ಬೋನಸ್ ಮರೆಯೋದು. ಒಬ್ಬರಿಗೆ ನಾಲ್ಕು ಎಲೆ ಹೋಗಿದ್ದರೆ ತೇಪೆ ಹಾಕೋಕೆ ಹೋಗಬೇಡಿ. ಆ ಕೈ ರದ್ದು, ಎಲ್ಲರ ಬೀಜ ವಾಪಸ್, ಮತ್ತೆ ಕಲಸಿ.

ಬಿ_ಬ್ಲಾಕ್_ಕಮಿಟಿ

ಎಲ್ಲರಿಗೂ ಥ್ಯಾಂಕ್ಸ್. ಎರಡು ಅನುಮಾನ ಉಳಿದಿದೆ. ಆ್ಯಂಟೆ 2, ಪೇರ್ ಪ್ಲಸ್ 1 ಇಟ್ಟವರಿಗೆ ಬೇರೆ ಬೇರೆ ಬಣ್ಣದ 7-8-9 ಬಂತು, ಡೀಲರ್‌ಗೆ ಗುಲಾಮ-9-4 ಬಂತು ಅಂದುಕೊಳ್ಳಿ. ಎಷ್ಟು ಕೊಡಬೇಕು? ಪೇರ್ ಪ್ಲಸ್‌ಗೆ ಯಾವ ಪಟ್ಟಿ ಇಡಬೇಕು ಅನ್ನೋದೂ ತಿಳಿಯಲಿಲ್ಲ, ಎರಡು ಮೂರು ಥರ ಕಾಣಿಸ್ತಿದೆ. ಮತ್ತೆ ಬೀಜದ ಲೆಕ್ಕ?

ಲೆಕ್ಕದ_ಮೇಷ್ಟ್ರು

ನಿಮ್ಮ ಉದಾಹರಣೆ ಒಳ್ಳೆಯದು, ನಾಲ್ಕೂ ಲೆಕ್ಕ ಅದರಲ್ಲಿದೆ. ಡೀಲರ್‌ಗೆ ಗುಲಾಮ, ಕ್ವಾಲಿಫೈ ಇಲ್ಲ. ಆ್ಯಂಟೆಗೆ 2 ಕೊಡಿ. ಪ್ಲೇ ಇಟ್ಟ 2 ಹಾಗೇ ವಾಪಸ್, ಅದಕ್ಕೆ ಏನೂ ಇಲ್ಲ. ಸೀಕ್ವೆನ್ಸ್‌ಗೆ ಆ್ಯಂಟೆ ಬೋನಸ್ 1 ಪಟ್ಟು, ಅಂದರೆ 2. ಪೇರ್ ಪ್ಲಸ್‌ನಲ್ಲಿ ಸೀಕ್ವೆನ್ಸ್‌ಗೆ 6. ಒಟ್ಟು ಲಾಭ 10. ಡೀಲರ್‌ಗೆ ರಾಣಿ-9-4 ಬಂದಿದ್ದರೆ ಪ್ಲೇಗೂ 2 ಸೇರಿ 12 ಆಗುತ್ತಿತ್ತು. ಒಳ್ಳೆಯ ಕೈ ಬಂದಾಗ ಡೀಲರ್ ಕ್ವಾಲಿಫೈ ಆಗದಿದ್ದರೆ ಆಡುವವರಿಗೆ ಹೊಟ್ಟೆ ಉರಿಯುವುದು ಇದಕ್ಕೇ, ಡೀಲರ್ ಕಡೆಯ ಲಾಭದ ಒಂದು ಪಾಲು ಹುಟ್ಟುವುದೂ ಇಲ್ಲೇ.

ಇನ್ನೊಂದು ಬಗೆ ನೋಡಿ. ಅದೇ ಬಾಜಿ, ನಿಮಗೆ 5ರ ಜೋಡಿ, ಡೀಲರ್‌ಗೆ 9ರ ಜೋಡಿ. ಆ್ಯಂಟೆ 2, ಪ್ಲೇ 2 ಹೋಯಿತು, ಆದರೆ ಪೇರ್ ಪ್ಲಸ್‌ಗೆ 1 ಬರಲೇಬೇಕು. ಒಟ್ಟು 3 ನಷ್ಟ. ಪೇರ್ ಪ್ಲಸ್ ನಿಮ್ಮ ಮೂರು ಎಲೆಯ ಮೇಲಿನ ಬಾಜಿ, ಡೀಲರ್‌ಗೆ ಏನು ಬಂದರೂ ಅದಕ್ಕೆ ತಟ್ಟುವುದಿಲ್ಲ.

ಪಟ್ಟಿಯ ವಿಚಾರ. ಹಳೆಯ ಒಳ್ಳೆಯ ಪಟ್ಟಿ: ಸ್ಟ್ರೇಟ್ ಫ್ಲಷ್ 40, ಟ್ರಯೊ 30, ಸೀಕ್ವೆನ್ಸ್ 6, ಕಲರ್ 4, ಜೋಡಿ 1. ಮೇಲೆ ಕೊಟ್ಟ ಎಣಿಕೆ ಹಾಕಿ ನೋಡಿ: 22,100 ಕೈಗೆ ಒಂದೊಂದು ಬೀಜ ಇಟ್ಟರೆ ಗೆಲ್ಲುವುದು 15,928, ಕಳೆದುಕೊಳ್ಳುವುದು 16,440. ವ್ಯತ್ಯಾಸ 512, ಅಂದರೆ ಶೇ. 2.32. ಈಗ ಕಲರ್‌ಗೆ 4ರ ಬದಲು 3 ಮಾಡಿ. ನೋಡಲು ಒಂದೇ ಅಂಕಿಯ ಬದಲಾವಣೆ, ಆದರೆ ಕಲರ್ 1,096 ಸಲ ಬರುತ್ತದೆ, ಆದ್ದರಿಂದ ನಷ್ಟ 1,608ಕ್ಕೆ ಹಾರಿ ಶೇ. 7.28 ಆಗುತ್ತದೆ. ಅಪರೂಪದ ಕೈಗೆ ದೊಡ್ಡ ಅಂಕಿ ತೋರಿಸಿ, ಮೇಲಿಂದ ಮೇಲೆ ಬರುವ ಕೈಯಲ್ಲಿ ಒಂದು ಕಿತ್ತುಕೊಳ್ಳುವ ಉಪಾಯ ಇದು. ಒಂದೇ ಬಣ್ಣದ ಎಕ್ಕ-ರಾಜ-ರಾಣಿಗೆ 50 ಎಂದು ದೊಡ್ಡದಾಗಿ ಬರೆದು ಕಲರ್‌ಗೆ 3 ಇಟ್ಟ ಪಟ್ಟಿಯೂ ಉಂಟು. ಆ ಕೈ 22,100ರಲ್ಲಿ ನಾಲ್ಕೇ ನಾಲ್ಕು, ಹಾಗಾಗಿ ಶೇ. 7.28 ಹೋಗಿ 7.10ಕ್ಕೆ ಬರುತ್ತದೆ, ಅಷ್ಟರ ಸಂಭ್ರಮ.

ನೀವು 40-30-6-4-1 ಇಡಿ, ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. 40 ಎಂದರೆ ಇಟ್ಟ ಬೀಜ ಉಳಿದು ಮೇಲೆ 40. ಇಟ್ಟದ್ದೂ ಸೇರಿ 40 ಎಂದು ಡೀಲರ್ ತಿಳಿದುಕೊಂಡರೆ ಜೋಡಿ ಬಂದವರಿಗೆ ಲಾಭವೇ ಇಲ್ಲದಂತಾಗುತ್ತದೆ, ಆಗ ಮೇಜು ಖಾಲಿ.

ಕಳಾವರ್_ಗುಲಾಮ

ಬೀಜದ ಲೆಕ್ಕ ನಾನು ಹೇಳ್ತೀನಿ. ಹುಣಸೆ ಬೀಜಕ್ಕೆ 1, ಕವಡೆಗೆ 10. ಒಬ್ಬೊಬ್ಬರಿಗೆ 20 ಬೀಜ, 2 ಕವಡೆ, ಅಂದರೆ 40. ಬ್ಯಾಂಕಿಗೆ, ಅಂದರೆ ಡೀಲರ್ ಕೈಗೆ, 100 ಬೀಜ, 20 ಕವಡೆ, ಅಂದರೆ 300. ಆರು ಜನಕ್ಕೆ ಒಟ್ಟು 220 ಬೀಜ, 32 ಕವಡೆ. ಬೀಜ ಯಾರ ಮನೆಯ ಹುಣಸೆಹಣ್ಣಿನ ಡಬ್ಬಿಯಿಂದಲಾದರೂ ಬರುತ್ತೆ, ಕವಡೆ ಗಾಂಧಿ ಬಜಾರಿನ ಕಡೆ ಪೂಜಾ ಸಾಮಾನಿನ ಅಂಗಡಿಯಲ್ಲಿ ಕೇಳಿ.

ಆ್ಯಂಟೆ 1 ಅಥವಾ 2, ಪೇರ್ ಪ್ಲಸ್ ಹೆಚ್ಚೆಂದರೆ 1. ಈ ಮಿತಿ ಬಿಡಬೇಡಿ. ಈ ಮಿತಿಯಲ್ಲಿ ಒಬ್ಬರಿಗೆ ಸ್ಟ್ರೇಟ್ ಫ್ಲಷ್ ಬಿದ್ದು ಡೀಲರ್ ಕ್ವಾಲಿಫೈ ಆಗಿ ಸೋತರೆ ಬ್ಯಾಂಕ್ ಕೊಡಬೇಕಾದ್ದು ಆ್ಯಂಟೆಗೆ 2, ಪ್ಲೇಗೆ 2, ಬೋನಸ್ 10, ಪೇರ್ ಪ್ಲಸ್ 40, ಒಟ್ಟು 54. ಟ್ರಯೊ ಆದರೆ 42. 300 ಇದ್ದರೆ ತಡೆದುಕೊಳ್ಳುತ್ತೆ. ಮಿತಿ ಇಲ್ಲದಿದ್ದರೆ ಕೊನೆಯ ಎರಡು ಕೈಯಲ್ಲಿ ಹಿಂದೆ ಬಿದ್ದವರು ಇದ್ದಿದ್ದೆಲ್ಲ ಪೇರ್ ಪ್ಲಸ್‌ಗೆ ಸುರೀತಾರೆ. ಅಲ್ಲಿವರೆಗೆ ಯೋಚನೆ ಮಾಡಿ ಆಡಿದವರ ಬಹುಮಾನ ಹೋಯ್ತು.

30 ಸುತ್ತು ಆಡಿದರೆ ಆರು ಜನರದು 180 ಕೈ. ಸರಾಸರಿಯಲ್ಲಿ ಬ್ಯಾಂಕಿಗೆ ಉಳಿಯೋದು 16 ಬೀಜದಷ್ಟು. ಸರಾಸರಿ ಅಂದರೆ ಸರಾಸರಿ ಅಷ್ಟೆ, ಒಂದು ಸಂಜೆಯಲ್ಲಿ ಒಬ್ಬೊಬ್ಬರದು 20 ಮೇಲೆ ಕೆಳಗೆ ಆಗೋದು ಮಾಮೂಲಿ. ಸ್ಟ್ರೇಟ್ ಫ್ಲಷ್ 460 ಕೈಗೆ ಒಂದು, ಆ ಸಂಜೆ ಕಾಣದೇ ಹೋಗೋ ಸಾಧ್ಯತೆಯೇ ಹೆಚ್ಚು. ಡೀಲರ್ ಕಡೆಗೆ ಲಾಭ ಇರೋದರಿಂದ ಬಹುಮಾನ ಇಡೋದಾದರೆ ಡೀಲರನ್ನ ಸ್ಪರ್ಧೆಯಿಂದ ಹೊರಗಿಡಿ.

ಗಟ್ಟಿಗ_ಗಿರಿನಗರ

ಸರಿ ಮೇಷ್ಟ್ರೇ, ರಾಣಿ-6-4 ಒಪ್ಕೊಂಡೆ. ಆದ್ರೆ ಆರು ಜನ ಕೂತಿರ್ತಾರಲ್ಲ, ಒಬ್ರಿಗೊಬ್ರು ಎಲೆ ತೋರಿಸ್ಕೊಂಡ್ರೆ ಡೀಲರ್ ಹತ್ರ ಏನಿದೆ ಅಂತ ಗೊತ್ತಾಗಲ್ವಾ? ಎಲ್ರೂ ಸೇರಿ ಡೀಲರ್‌ನ ಹೊಡೀಬಹುದಲ್ಲ?

ಮೇಜು_ಮಂಜಣ್ಣ

ಗೊತ್ತಾಗೋದು ಬಹಳ ಕಡಿಮೆ. ಆರು ಜನದ 18 ಎಲೆ ಕಂಡರೂ ಉಳಿದ 34ರಲ್ಲಿ ಡೀಲರ್‌ನ ಮೂರು ಯಾವುದು ಅನ್ನೋದು ಹಾಗೇ ಇರುತ್ತೆ. ರಾಣಿ, ರಾಜ, ಎಕ್ಕ ಹೆಚ್ಚಾಗಿ ನಿಮ್ಮ ಕಡೆಯೇ ಬಂದಿದ್ದರೆ ಗೆರೆಯ ಹತ್ತಿರದ ಕೈಯೊಂದನ್ನ ಆಡಬಹುದೇನೋ, ಅಷ್ಟೆ. ಅದಕ್ಕಿಂತ ದೊಡ್ಡ ತೊಂದರೆ ಹೊತ್ತು. ಪ್ರತಿ ಕೈಗೂ ಆರು ಜನ ಸಭೆ ಸೇರಿದರೆ 30 ಸುತ್ತು ಇರಲಿ, ಹತ್ತೂ ಮುಗಿಯಲ್ಲ. ಎಲೆ ತೋರಿಸಬಾರದು ಅಂತ ಮೊದಲೇ ಹೇಳಿಬಿಡಿ. ಗಂಡ ಹೆಂಡತಿ ಅಕ್ಕಪಕ್ಕ ಕೂತರೆ ಈ ನಿಯಮ ಉಳಿಯಲ್ಲ, ಬೇರೆ ಬೇರೆ ತುದಿಗೆ ಕೂರಿಸಿ.

ಮಲ್ಲೇಶ್ವರಂ_18

ಗೋವಾಕ್ಕೆ ಹೋಗುವವರ ವಿಷಯ ಉಳಿದಿದೆ, ಅದಕ್ಕೆ ನಾಲ್ಕು ಮಾತು.

ಕರ್ನಾಟಕದಲ್ಲಿ ಕ್ಯಾಸಿನೊಗೆ ಅವಕಾಶವೇ ಇಲ್ಲ. ದುಡ್ಡು ಇಟ್ಟು ಈ ಮೇಜು ನಡೆಸುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಜೂಜಿನ ಕಲಮುಗಳಿಗೆ ಸಿಗುವಂಥದ್ದು, ಅದರಲ್ಲೂ ಒಬ್ಬರು ಬ್ಯಾಂಕ್ ಆಗಿ ಲಾಭ ತೆಗೆಯುವ ಆಟ. ಅಪಾರ್ಟ್‌ಮೆಂಟ್ ಹಾಲ್ ಎಂಬುದು ರಕ್ಷಣೆಯಲ್ಲ. ಬೀಜವನ್ನು ಕೊನೆಗೆ ದುಡ್ಡಿಗೆ ಬದಲಾಯಿಸಿಕೊಳ್ಳೋಣ ಎಂದು ಯಾರಾದರೂ ಅಂದರೆ ಅಲ್ಲೇ ನಿಲ್ಲಿಸಿ. ಮೊಬೈಲಿನಲ್ಲಿ ದುಡ್ಡಿಗೆ ಆಡುವ ದಾರಿಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಮುಚ್ಚಿದೆ. ಅಭ್ಯಾಸಕ್ಕೆ ದುಡ್ಡಿಲ್ಲದ ಆ್ಯಪ್ ಸಾಕು, ಇಲ್ಲವೇ ಮನೆಯಲ್ಲೇ ಒಂದು ಕಟ್ಟು ಹಿಡಿದು ಮೂರು ಮೂರು ಎಲೆ ತೆರೆಯುತ್ತಾ ಆಡು, ಬಿಡು ಎಂದು ಹೇಳಿಕೊಳ್ಳಿ. ಇಡೀ ಕಟ್ಟಿಗೆ 17 ಕೈ ಆಗುತ್ತದೆ. ಒಂದೊಂದು ಕೈಗೆ ಎರಡು ಸೆಕೆಂಡಿನಲ್ಲಿ ಉತ್ತರ ಬರುವ ತನಕ ಮಾಡಿ.

ಗೋವಾದ ಕ್ಯಾಸಿನೊಗೆ 21 ತುಂಬಿರಬೇಕು, ಗುರುತಿನ ಚೀಟಿ ಬೇಕು. ಮೇಜಿಗೆ ಕೂರುವ ಮೊದಲು ಪಟ್ಟಿಯಲ್ಲಿ ಎರಡು ಅಂಕಿ ನೋಡಿ: ಪೇರ್ ಪ್ಲಸ್‌ನಲ್ಲಿ ಕಲರ್‌ಗೆ ಎಷ್ಟು, ಆ್ಯಂಟೆ ಬೋನಸ್ ಎಷ್ಟು. ಬೋನಸ್ 5-4-1 ಬದಲು 5-3-1 ಇದ್ದರೆ ಶೇ. 3.37 ಹೋಗಿ 3.61 ಆಗುತ್ತದೆ, ಅದನ್ನು ಸಹಿಸಬಹುದು. ಕಲರ್‌ಗೆ 3 ಇದ್ದರೆ ಪೇರ್ ಪ್ಲಸ್ ಮುಟ್ಟಬೇಡಿ, ಆ್ಯಂಟೆ ಮಾತ್ರ ಆಡಿ. ಸಿಕ್ಸ್ ಕಾರ್ಡ್ ಬೋನಸ್ ಎಂಬ ಇನ್ನೊಂದು ವೃತ್ತ ಇರಬಹುದು. ನಿಮ್ಮ ಮೂರು ಮತ್ತು ಡೀಲರ್‌ನ ಮೂರು ಎಲೆ ಸೇರಿಸಿ ಐದೆಲೆಯ ಪೋಕರ್ ಕೈ ಹುಡುಕುವ ಬಾಜಿ ಅದು, ನೋಡಲು ಜೋರು, ಕ್ಯಾಸಿನೊಗೆ ಲಾಭವೂ ಜೋರು.

ಕನಿಷ್ಠ ಬಾಜಿ 500 ರೂಪಾಯಿ ಎಂದು ಬರೆದಿದ್ದರೆ ಅದು ಆ್ಯಂಟೆ. ಆಡುವ ಕೈ ಬಂದಾಗಲೆಲ್ಲ ಇನ್ನೊಂದು 500 ಬೇಕು, ಅದೂ ಮೂರರಲ್ಲಿ ಎರಡು ಸಲ. ಕೈಯಲ್ಲಿ ಒಂದು ಸಾವಿರ ಹಿಡಿದು ಕೂತವರು ಒಂದೇ ಕೈಯಲ್ಲಿ ಎದ್ದುಬರಬಹುದು. ಕನಿಷ್ಠ 20 ಆ್ಯಂಟೆಯಷ್ಟು ಇಲ್ಲದಿದ್ದರೆ ಆ ಮೇಜು ನಿಮ್ಮದಲ್ಲ.

ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊಗೆ ಶೇ. 40 ಜಿಎಸ್‌ಟಿ, ಅದು ಚಿಪ್ ಕೊಳ್ಳುವ ಮೊತ್ತದ ಮೇಲೆ. ಕೊಟ್ಟ ದುಡ್ಡಿಗೆ ಎಷ್ಟು ಚಿಪ್ ಕೈಗೆ ಬರುತ್ತದೆ, ಎಷ್ಟನ್ನು ವಾಪಸ್ ದುಡ್ಡು ಮಾಡಿಕೊಳ್ಳಬಹುದು ಎಂದು ಕೌಂಟರ್‌ನಲ್ಲೇ ಕೇಳಿ. ಗೆದ್ದ ಹಣಕ್ಕೆ ಆದಾಯ ತೆರಿಗೆ ಶೇ. 30 ಬೇರೆ, ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ರಾಣಿ-6-4 ಎಷ್ಟು ಕರಾರುವಾಕ್ಕಾಗಿ ಆಡಿದರೂ ಇದನ್ನು ಮೀರಿ ಲಾಭ ತೆಗೆಯುವ ದಾರಿ ಈ ಆಟದಲ್ಲಿ ಇಲ್ಲ.

ಬಿ_ಬ್ಲಾಕ್_ಕಮಿಟಿ

ಗೋವಾದವರಿಗೆ ಇದನ್ನ ಹಾಗೇ ಕಳಿಸ್ತೀನಿ. ಕೊನೆಯ ಪ್ರಶ್ನೆ: ಕಲರ್‌ಗೆ ಕಲರ್ ಎದುರಾದರೆ? ನಿಮಗೆ ಎಕ್ಕ-9-4, ಡೀಲರ್‌ಗೆ ಎಕ್ಕ-9-3, ಎರಡೂ ಕಲರ್.

ಕಳಾವರ್_ಗುಲಾಮ

ಬಿಡಿ ಎಲೆಯ ಹಾಗೇ ದೊಡ್ಡದರಿಂದ ಚಿಕ್ಕದಕ್ಕೆ. ಎಕ್ಕ ಸಮ, 9 ಸಮ, 4 ದೊಡ್ಡದು, ನೀವು ಗೆದ್ದಿರಿ. ಮೂರನೆಯದೂ ಸಮ ಆದರೆ ಆ್ಯಂಟೆ, ಪ್ಲೇ ಎರಡೂ ವಾಪಸ್, ಪೇರ್ ಪ್ಲಸ್ ಇಟ್ಟಿದ್ದರೆ ಅದಕ್ಕೆ ಮಾತ್ರ 4. ಜೋಡಿಗೆ ಜೋಡಿ ಬಂದರೆ ಮೊದಲು ಜೋಡಿ ನೋಡಿ, ಅದೂ ಒಂದೇ ಆದರೆ ಮೂರನೇ ಎಲೆ.